ಮೀನು ಹಾಕುವ ಮುನ್ನ

ಮೀನನ್ನೂ ತರಕಾರಿಯನ್ನೂ ಒಂದೇ ಪಾತ್ರೆಯಲ್ಲಿ, ಸ್ವಲ್ಪವೇ ರಸದಲ್ಲಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸುವ ಅಡುಗೆ ಕಡಲ ದಂಡೆಯಲ್ಲೂ ಹೊಳೆ ದಂಡೆಯಲ್ಲೂ ಬಹಳ ಹಳೆಯದು. ದಕ್ಷಿಣ ಕನ್ನಡದಲ್ಲಿ ಬಂಗುಡೆಗೆ ಮಾವಿನಕಾಯಿ ಬೀಳುತ್ತದೆ. ಸೀಗಡಿಗೆ ಬಸಳೆಯೋ ಸೌತೆಯೋ ಜೊತೆಯಾಗುತ್ತದೆ. ಹಳೇ ಮೈಸೂರಿನ ಕಡೆ ಒಣಮೀನಿಗೆ ಬದನೆಕಾಯಿ. ಬಂಗಾಳದಲ್ಲಿ ರೋಹು ಮೀನಿನ ತಿಳಿಸಾರಿಗೆ ಆಲೂಗಡ್ಡೆ, ಬದನೆ. ಕರಾವಳಿಯ ಕನ್ನಡದಲ್ಲಿ ಅನ್ನಕ್ಕೆ ಕಲಸಿಕೊಳ್ಳುವ ಈ ಮುಖ್ಯ ಅಡುಗೆಯನ್ನು ‘ಪದಾರ್ಥ’ ಎಂದೇ ಕರೆಯುತ್ತಾರೆ. ತರ್ಕಶಾಸ್ತ್ರದಲ್ಲಿ ಅದೇ ಮಾತು, ಹೆಸರಿಟ್ಟು ಹೇಳಬಹುದಾದ ಎಲ್ಲ ಇರವಿಗೂ ಸಲ್ಲುತ್ತದೆ. ಈ ಪದಾರ್ಥದೊಳಗೆ ಧರ್ಮಜಿಜ್ಞಾಸೆಯ ಮೂರು ಪ್ರಶ್ನೆಗಳು ಕೂತಿವೆ. ಊಟಕ್ಕಾಗಿ ಒಂದು ಜೀವವನ್ನು ತೆಗೆಯಬಹುದೇ? ನಾಲಗೆಯ ರುಚಿಗಾಗಿ ಇಷ್ಟು ಶ್ರಮ ಪಡಬಹುದೇ? ಮೀನಿನ ರಸದಲ್ಲಿ ಬೆಂದ ತರಕಾರಿ ತರಕಾರಿಯಾಗಿಯೇ ಉಳಿಯುತ್ತದೆಯೇ?

ಮೂರೂ ಪ್ರಶ್ನೆಗಳನ್ನು ಒಟ್ಟಿಗೆ ಕೇಳಲು ಪುಣೆಯ ಯೆರವಡಾ ತಕ್ಕ ಜಾಗ. ಮುಳಾ ಮತ್ತು ಮುಠಾ ನದಿಗಳು ಸಂಗಮದಲ್ಲಿ ಕೂಡಿ ಪೂರ್ವಕ್ಕೆ ಹರಿಯುವಲ್ಲಿ, ಉತ್ತರದ ದಂಡೆಯ ಮೇಲೆ ಯೆರವಡಾ ಇದೆ. ಈ ನೀರು ಮುಂದೆ ಭೀಮೆಯನ್ನು ಸೇರಿ, ಉಜನಿ ಜಲಾಶಯದಲ್ಲಿ ತಂಗಿ, ಪಂಢರಪುರವನ್ನು ಹಾದು ವಿಜಯಪುರ, ಕಲಬುರಗಿ ಸೀಮೆಗೆ ಇಳಿದು, ಕೊನೆಗೆ ರಾಯಚೂರಿನ ಬಳಿ ಕೃಷ್ಣೆಯಾಗುತ್ತದೆ. ಅದೇ ಭೀಮಾತೀರದ ಊರುಗಳಿಂದ ದುಡಿಮೆ ಹುಡುಕಿಕೊಂಡು, ಹೊಳೆಯ ಹರಿವಿಗೆ ಎದುರಾಗಿ ಪುಣೆಗೆ ಬಂದ ಕನ್ನಡದ ಕುಟುಂಬಗಳು ಅನೇಕ. ಉಜನಿಯಲ್ಲಿ ಹಿಡಿದ ಮೀನು ಭಿಗವಣದ ಪೇಟೆಯ ಮೂಲಕ ಪುಣೆಗೆ ಬರುತ್ತದೆ. ಹೀಗೆ ಇಲ್ಲಿನ ಮನೆಯೊಂದರಲ್ಲಿ ಮೀನು ಬೇಯುವಾಗ ಊರಿನ ಹೊಳೆಯೇ ಮಡಕೆಯಲ್ಲಿರುತ್ತದೆ.

ಯೆರವಡಾದ ಹೆಸರು ನಾಡಿಗೆಲ್ಲ ಗೊತ್ತಾದದ್ದು ಮಾತ್ರ 1871ರಲ್ಲಿ ಕಟ್ಟಿದ ಸೆರೆಮನೆಯಿಂದ. ಗಾಂಧೀಜಿ ಅಲ್ಲಿ 1922ರಿಂದ 1924ರವರೆಗೆ, ಉಪ್ಪಿನ ಸತ್ಯಾಗ್ರಹದ ನಂತರ 1930ರ ಮೇ ತಿಂಗಳಿಂದ 1931ರ ಜನವರಿಯವರೆಗೆ, ಮತ್ತೆ 1932–33ರಲ್ಲಿ ಬಂಧಿಯಾಗಿದ್ದರು. 1930ರ ಸೆರೆವಾಸದಲ್ಲಿ ಅವರು ಪ್ರತಿ ಮಂಗಳವಾರ ಬೆಳಗಿನ ಪ್ರಾರ್ಥನೆಯಾದ ಮೇಲೆ ಸಾಬರಮತಿಯ ಆಶ್ರಮಕ್ಕೆ ಒಂದೊಂದು ವ್ರತದ ಮೇಲೆ ಪತ್ರ ಬರೆಯುತ್ತಿದ್ದರು. ‘ಮಂಗಳ ಪ್ರಭಾತ’ ಎಂಬ ಹೆಸರು ಆ ಪತ್ರಗಳಿಗೆ ಬಂದದ್ದು ಹಾಗೆ. ಸೆರೆಮನೆಯನ್ನು ಅವರು ಕರೆದದ್ದು ಯೆರವಡಾ ಮಂದಿರವೆಂದು. ಸತ್ಯ, ಅಹಿಂಸೆ, ಬ್ರಹ್ಮಚರ್ಯಗಳ ಬೆನ್ನಿಗೆ, 1930ರ ಆಗಸ್ಟ್ 12ರಂದು ಬರೆದ ಪತ್ರ ‘ಅಸ್ವಾದ’ದ ಮೇಲೆ, ಅಂದರೆ ರುಚಿಯ ಆಸೆಯನ್ನು ಬಿಡುವುದರ ಮೇಲೆ. ಅಡುಗೆಮನೆಯನ್ನು ಅಷ್ಟು ನೇರವಾಗಿ ಮುಟ್ಟುವ ಧಾರ್ಮಿಕ ಬರಹ ಆ ಕಾಲದಲ್ಲಿ ವಿರಳ. ಅದರ ವಾದಕ್ಕೆ ಹೋಗುವ ಮೊದಲು ಅಡುಗೆಯನ್ನು ಕಣ್ಣಾರೆ ನೋಡಬೇಕು. ಏಕೆಂದರೆ ಅಡುಗೆಯ ಕ್ರಮದಲ್ಲೇ ವಾದದ ಅರ್ಧ ಇದೆ.

ನಾಲ್ಕು ಜನರ ಮನೆಗೆ ಮುಕ್ಕಾಲು ಕಿಲೊ ರೋಹು ಸಾಕು. ಬೆರಳು ದಪ್ಪದ ತುಂಡುಗಳನ್ನು ತೊಳೆದು, ಉಪ್ಪು, ಅರಿಸಿನ, ನಿಂಬೆರಸ ಸವರಿ ಕಾಲು ಗಂಟೆ ಇಡುತ್ತಾರೆ. ಕೆರೆ, ಜಲಾಶಯದ ಮೀನಿಗಿರುವ ಕೆಸರಿನ ವಾಸನೆ ಜಿಯೋಸ್ಮಿನ್ ಎಂಬ ವಸ್ತುವಿನದು. ನೀರಿನ ಸೂಕ್ಷ್ಮಜೀವಿಗಳು ಅದನ್ನು ಹುಟ್ಟಿಸುತ್ತವೆ, ಹುಳಿ ತಾಗಿದರೆ ಅದು ಒಡೆಯುತ್ತದೆ. ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ನಾಲ್ಕೈದು ಕಾಳು ಮೆಂತ್ಯ ಹುರಿದು ಕಾಯಿತುರಿಯ ಜೊತೆ ನುಣ್ಣಗೆ ರುಬ್ಬುವುದು ಒಂದು ಕಡೆ. ಅಗಲ ಬಾಯಿಯ ಪಾತ್ರೆಯಲ್ಲಿ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ ಬಾಡಿಸಿ, ಬದನೆಕಾಯಿ ಮತ್ತು ನುಗ್ಗೆಕಾಯಿ ಹಾಕಿ, ರುಬ್ಬಿದ್ದನ್ನೂ ತರಕಾರಿ ಅರ್ಧ ಮುಳುಗುವಷ್ಟು ನೀರನ್ನೂ ಸೇರಿಸಿ ಮುಚ್ಚುವುದು ಇನ್ನೊಂದು ಕಡೆ. ಹುಣಸೆಹುಳಿಯನ್ನು ಈಗಲೇ ಹಿಂಡಿದರೆ ಕೆಲಸ ಕೆಡುತ್ತದೆ. ತರಕಾರಿಯ ಕಣಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಹುಳಿಯಲ್ಲಿ ಬೇಗ ಕರಗುವುದಿಲ್ಲ. ನುಗ್ಗೆ ಎಷ್ಟು ಹೊತ್ತು ಬೆಂದರೂ ಗಟ್ಟಿಯಾಗಿಯೇ ಉಳಿಯುತ್ತದೆ. ತರಕಾರಿ ಮುಕ್ಕಾಲು ಬೆಂದ ಮೇಲೆ ಹುಳಿ, ಹುಳಿ ಒಂದು ಕುದಿ ಬಂದ ಮೇಲೆ ಮೀನು.

ಮೀನು ಬಿದ್ದ ಮೇಲೆ ಎಂಟು ಹತ್ತು ನಿಮಿಷದ ಮಾತು. ಆಡು ಕುರಿಯ ಮಾಂಸದಂತೆ ಮೀನಿನ ಸ್ನಾಯುವನ್ನು ಬಿಗಿಯಾದ ನಾರು ಕಟ್ಟಿಹಾಕಿರುವುದಿಲ್ಲ. ಪದರ ಪದರವಾಗಿ ಜೋಡಿಸಿದ ಮಾಂಸವನ್ನು ತೆಳುವಾದ ಪೊರೆ ಹಿಡಿದಿರುತ್ತದೆ, ಸ್ವಲ್ಪ ಶಾಖಕ್ಕೇ ಅದು ಕರಗುತ್ತದೆ. ಸೌಟು ಹಾಕಿ ತಿರುವಿದರೆ ತುಂಡು ಒಡೆದು ಮುಳ್ಳೆಲ್ಲ ರಸಕ್ಕಿಳಿಯುತ್ತದೆ. ಪಾತ್ರೆಯ ಎರಡೂ ಕಿವಿಗಳನ್ನು ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ಓಲಾಡಿಸಬೇಕು. ಕೊನೆಗೆ ಸೌಟಿನ ತುದಿಯಿಂದ ಒಂದು ಹನಿ ರಸವನ್ನು ಎಡ ಅಂಗೈಗೆ ಬಿಟ್ಟುಕೊಂಡು ನೆಕ್ಕಿ ಉಪ್ಪು ನೋಡುವುದು.

ಇದರ ನಡುವೆ, ತರಕಾರಿ ಬೆಂದು ಮೀನು ಇನ್ನೂ ತಟ್ಟೆಯಲ್ಲೇ ಇರುವ ಒಂದು ಗಳಿಗೆ ಇದೆ. ಮನೆಯಲ್ಲಿ ಪಂಢರಪುರದ ವಿಠಲನ ಹೆಸರಿನಲ್ಲಿ ತುಳಸಿಮಾಲೆ ಹಾಕಿಕೊಂಡ ಅಜ್ಜಿಯಿದ್ದರೆ, ಆ ಗಳಿಗೆಯಲ್ಲಿ ಬೇರೆ ಸೌಟಿನಿಂದ ಒಂದು ಬಟ್ಟಲು ಎತ್ತಿಟ್ಟು ಮುಚ್ಚುತ್ತಾರೆ. ಮಾಲೆ ಹಾಕಿದವರಿಗೆ ಮೀನು, ಮಾಂಸ ನಿಷಿದ್ಧ. ಪ್ರತಿವರ್ಷ ಪಂಢರಪುರದ ಆಷಾಢದ ಯಾತ್ರೆಗೆ ಆಳಂದಿಯಿಂದ ಹೊರಡುವ ಜ್ಞಾನೇಶ್ವರರ ಪಾಲಖಿ ಪುಣೆಗೆ ಬರುವಾಗ ಯೆರವಡಾದ ನೆರೆಯ ವಿಶ್ರಾಂತವಾಡಿಯ ದಾರಿಯಲ್ಲೇ ಸಾಗುತ್ತದೆ. ಹಾಗಾಗಿ ಮಾಲೆಯ ಈ ನಿಯಮ ಇಲ್ಲಿ ಯಾರಿಗೂ ವಿವರಿಸಬೇಕಾದದ್ದಲ್ಲ. ಒಂದೇ ಮಸಾಲೆ, ಒಂದೇ ಒಲೆ, ಒಂದೇ ಕೈ. ಐದು ನಿಮಿಷದ ಅಂತರದಲ್ಲಿ ಅದೇ ಬದನೆಕಾಯಿ ಒಬ್ಬರಿಗೆ ಪ್ರಸಾದ, ಇನ್ನೊಬ್ಬರಿಗೆ ಮುಟ್ಟಬಾರದ್ದು. ಧರ್ಮಶಾಸ್ತ್ರದ ದೊಡ್ಡ ಗ್ರಂಥಗಳು ಚರ್ಚಿಸುವುದೂ ಈ ಐದು ನಿಮಿಷವನ್ನೇ.

ಮೊದಲ ಪ್ರಶ್ನೆ ಜೀವದ್ದು. ಅದರ ಬಾಗಿಲಲ್ಲೇ ಮಾತಿನ ತೊಡಕಿದೆ. ಮೀನು ಮಾಂಸವೇ? 1888ರಲ್ಲಿ ಲಂಡನ್ನಿಗೆ ಹೊರಡುವ ಮುನ್ನ ಗಾಂಧೀಜಿ ತಾಯಿಯ ಎದುರು, ಜೈನ ಸಾಧುವೊಬ್ಬರ ಸಾಕ್ಷಿಯಲ್ಲಿ, ಮಾಂಸ ಮುಟ್ಟುವುದಿಲ್ಲ ಎಂದು ಪ್ರತಿಜ್ಞೆ ಮಾಡಿದ್ದರು. ಅಲ್ಲಿನ ಸಸ್ಯಾಹಾರಿಗಳಲ್ಲಿ ಮಾಂಸಕ್ಕೆ ಮೂರು ವ್ಯಾಖ್ಯೆಗಳಿದ್ದವೆಂದು ಆತ್ಮಕಥೆ ಹೇಳುತ್ತದೆ. ಹಕ್ಕಿ ಮತ್ತು ಪ್ರಾಣಿಯದು ಮಾತ್ರ ಮಾಂಸ, ಮೀನು ತಿನ್ನಬಹುದು ಎಂಬುದು ಒಂದು. ಎಲ್ಲ ಜೀವಿಗಳದ್ದೂ ಮಾಂಸವೇ, ಮೊಟ್ಟೆಗೆ ಅಡ್ಡಿಯಿಲ್ಲ ಎಂಬುದು ಎರಡನೆಯದು. ಜೀವಿಗಳಿಂದ ಬರುವ ಮೊಟ್ಟೆ, ಹಾಲೂ ಸೇರಿ ಎಲ್ಲವೂ ವರ್ಜ್ಯ ಎಂಬುದು ಮೂರನೆಯದು. ಮೊದಲ ವ್ಯಾಖ್ಯೆ ಹಿಡಿದಿದ್ದರೆ ಮೀನು ತಿಂದೂ ಪ್ರತಿಜ್ಞೆ ಉಳಿಯುತ್ತಿತ್ತು. ಅವರು ತೀರ್ಮಾನಿಸಿದ್ದು ಬೇರೆ: ಪ್ರತಿಜ್ಞೆ ಕೊಟ್ಟದ್ದು ತಾಯಿಗೆ, ಆದ್ದರಿಂದ ತಾಯಿಗೆ ಮಾಂಸವೆಂದರೆ ಏನೋ ಅದೇ ತನಗೂ ಮಾಂಸ. ನೀತಿಶಾಸ್ತ್ರದಲ್ಲಿ ಇದೊಂದು ಗಟ್ಟಿಯಾದ ನಿಲುವು. ಮಾತಿನ ಅರ್ಥವನ್ನು ಪ್ರತಿಜ್ಞೆ ಕೇಳಿದವರ ಮನಸ್ಸು ನಿಶ್ಚಯಿಸುತ್ತದೆ, ಪ್ರತಿಜ್ಞೆ ಮಾಡಿದವನ ಅನುಕೂಲ ನಿಶ್ಚಯಿಸುವುದಿಲ್ಲ. ಅಜ್ಜಿಯ ಬಟ್ಟಲನ್ನು ಮೀನು ಹಾಕುವ ಮುನ್ನವೇ ಎತ್ತಿಡುವವರೂ ಈ ನಿಲುವನ್ನೇ ಪಾಲಿಸುತ್ತಾರೆ. ಮೀನಿನ ತುಂಡು ತೆಗೆದು ಬರೀ ತರಕಾರಿ ಬಡಿಸಿದರಾಯಿತಲ್ಲ ಎಂದು ಅವರು ವಾದಿಸುವುದಿಲ್ಲ.

ಬೇರೆ ಧರ್ಮಗಳೂ ಮೀನನ್ನು ಗಡಿಯ ಮೇಲೆ ಇಟ್ಟಿವೆ. ಕ್ಯಾಥೊಲಿಕರು ಶುಭ ಶುಕ್ರವಾರ ಮಾಂಸ ಬಿಟ್ಟರೂ ಮೀನಿಗೆ ನಿಷೇಧವಿಲ್ಲ. ಇಸ್ಲಾಮಿನಲ್ಲಿ ಕಡಲ ಬೇಟೆ ಧರ್ಮಸಮ್ಮತ. ಮೀನಿಗೆ ಜಬೀಹಾ, ಅಂದರೆ ವಿಧಿವತ್ತಾಗಿ ಕೊಯ್ಯುವುದು, ಬೇಕಿಲ್ಲ. ಮನುಸ್ಮೃತಿ ಒಂದು ಕಡೆ ಮೀನು ತಿನ್ನುವವನು ಎಲ್ಲ ಮಾಂಸವನ್ನೂ ತಿಂದಂತೆ ಎನ್ನುತ್ತದೆ, ಮರುಶ್ಲೋಕದಲ್ಲೇ ದೇವಪಿತೃಕಾರ್ಯಗಳಿಗೆ ಪಾಠೀನ ಮತ್ತು ರೋಹಿತ ಮೀನುಗಳನ್ನು ಒಪ್ಪುತ್ತದೆ. ಆ ರೋಹಿತವೇ ಇಂದಿನ ರೋಹು. ಮಹಾಭಾರತದ ಶಲ್ಯಪರ್ವದಲ್ಲಿ ಇನ್ನೂ ಆಳದ ಕಥೆಯೊಂದಿದೆ. ಹನ್ನೆರಡು ವರ್ಷ ಮಳೆಯಿಲ್ಲದೆ ಋಷಿಗಳೆಲ್ಲ ಹೊಟ್ಟೆಪಾಡಿಗೆ ಚದುರಿಹೋದಾಗ, ದಧೀಚಿಯ ಮಗ ಸಾರಸ್ವತನನ್ನು ತಾಯಿ ಸರಸ್ವತಿ ನದಿ ತಡೆಯುತ್ತಾಳೆ. ಹೋಗಬೇಡ, ನಿನಗೆ ದಿನವೂ ಮೀನು ಕೊಡುತ್ತೇನೆ ಎನ್ನುತ್ತಾಳೆ. ಅವನು ಆ ಮೀನಿನಿಂದ ದೇವತೆಗಳನ್ನೂ ಪಿತೃಗಳನ್ನೂ ತಣಿಸಿ, ತಾನೂ ಉಂಡು, ವೇದವನ್ನು ಮರೆಯದೆ ಉಳಿಸುತ್ತಾನೆ. ಬರ ಮುಗಿದ ಮೇಲೆ ವೇದ ಮರೆತ ಅರುವತ್ತು ಸಾವಿರ ಋಷಿಗಳು ಅವನಲ್ಲಿ ಪಾಠಕ್ಕೆ ಬರುತ್ತಾರೆ. ಕರಾವಳಿಯ ಸಾರಸ್ವತರಲ್ಲಿ ಮೀನೂಟದ ಮಾತು ಬಂದಾಗಲೆಲ್ಲ ಈ ಕಥೆ ನೆನಪಾಗುತ್ತದೆ. ಕಥೆಯಲ್ಲಿ ಗಮನಿಸಬೇಕಾದದ್ದು ಮೀನು ಕೊಡುವವಳು ನದಿ, ಅಂದರೆ ಮೀನಿಗೂ ತಾಯಿ. ಅವಳು ಒಂದು ಮಗುವನ್ನು ಇನ್ನೊಂದು ಮಗುವಿಗೆ ಉಣ್ಣಿಸುತ್ತಾಳೆ. ಕಥೆ ಇದನ್ನು ಸಮರ್ಥಿಸಲೂ ಹೋಗಿಲ್ಲ, ಮುಚ್ಚಿಡಲೂ ಹೋಗಿಲ್ಲ.

ಬೌದ್ಧ ಭಿಕ್ಷುಗಳ ನಿಯಮಸಂಹಿತೆಯಾದ ವಿನಯ ಕೊಲ್ಲುವುದರ ಈ ಭಾರವನ್ನು ಅಳೆದು ಹಂಚಲು ಯತ್ನಿಸಿತು. ತನಗಾಗಿಯೇ ಕೊಂದದ್ದೆಂದು ಭಿಕ್ಷು ಕಂಡಿರದ, ಕೇಳಿರದ, ಶಂಕಿಸಿಯೂ ಇರದ ಮೀನು, ಮಾಂಸವನ್ನು ಭಿಕ್ಷೆಯಲ್ಲಿ ಸ್ವೀಕರಿಸಬಹುದು. ಇದೇ ತ್ರಿಕೋಟಿ ಪರಿಶುದ್ಧಿ. ಮೀನು ಮಾಂಸವನ್ನು ಪೂರ್ತಿ ನಿಷೇಧಿಸಬೇಕೆಂದು ಭಿಕ್ಷು ದೇವದತ್ತ ಒತ್ತಾಯಿಸಿದಾಗ ಬುದ್ಧ ಒಪ್ಪಲಿಲ್ಲ. ನಿಯಮ ಜಾಣ್ಮೆಯದೇ. ಆದರೆ ಅದನ್ನು ಪೇಟೆಗೆ ತಂದರೆ ಬಿರುಕು ಕಾಣಿಸುತ್ತದೆ. ತೊಟ್ಟಿಯಲ್ಲಿ ಈಜುತ್ತಿರುವ ಮೀನನ್ನು ಬೆರಳು ತೋರಿ ಆರಿಸಿ ಎದುರಿಗೇ ಕೊಯ್ಯಿಸಿದವನಿಗೆ ಮೂರೂ ಶುದ್ಧಿ ತಪ್ಪುತ್ತವೆ. ಮಂಜುಗಡ್ಡೆಯ ಮೇಲೆ ಮಲಗಿದ ಮೀನನ್ನು ಕೊಂಡವನಿಗೆ ಮೂರೂ ಉಳಿಯುತ್ತವೆ. ಇಬ್ಬರೂ ಕೊಟ್ಟ ದುಡ್ಡು ಒಂದೇ. ಉಜನಿಯಂಥ ಜಲಾಶಯದ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ರೋಹು ಮೂಲತಃ ಗಂಗೆಯ ಬಯಲಿನ ಮೀನು. ದಕ್ಷಿಣದ ಜಲಾಶಯಗಳಿಗೆ ಅದರ ಮರಿಗಳನ್ನು ಮನುಷ್ಯರೇ ತಂದು ಬಿಡುತ್ತಾರೆ, ಹಿಡಿಯುವುದಕ್ಕೆಂದೇ. ಆ ಮೀನು ಯಾವ ಒಬ್ಬ ಗಿರಾಕಿಗಾಗಿಯೂ ಸಾಯಲಿಲ್ಲ ಎಂಬುದು ಎಷ್ಟು ನಿಜವೋ, ಎಲ್ಲ ಗಿರಾಕಿಗಳಿಗಾಗಿ ಸತ್ತಿತು ಎಂಬುದೂ ಅಷ್ಟೇ ನಿಜ. ತ್ರಿಕೋಟಿ ಪರಿಶುದ್ಧಿ ಬೇಡಿ ಉಣ್ಣುವವನಿಗೆ ಮಾಡಿದ ನಿಯಮ. ದುಡ್ಡು ಕೊಟ್ಟು ಕೊಳ್ಳುವ ಗೃಹಸ್ಥ ಅದರ ಮರೆಯಲ್ಲಿ ನಿಲ್ಲಲಾರ.

ಹಿಂಸೆಯ ಬೇರು ಕೈಯಲ್ಲಿದೆಯೋ ಮನಸ್ಸಿನಲ್ಲಿದೆಯೋ ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಅತ್ಯಂತ ತೀವ್ರವಾಗಿ ಕೇಳಿದ ಕೃತಿ 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’. ತಾಯಿಯ ಮಾತಿಗೆ ಮಣಿದ ಅರಸ ಯಶೋಧರ ಜೀವವಿರುವ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ರಕ್ತ ಹರಿಯಲಿಲ್ಲ, ಆದರೂ ಕಡಿಯುವ ಸಂಕಲ್ಪ ಇತ್ತು. ಅದಕ್ಕಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಯೋನಿಗಳಲ್ಲಿ ತೊಳಲುತ್ತಾರೆ. ಯಶೋಧರನ ಕಥಾಪರಂಪರೆಯಲ್ಲಿ ಆ ಜನ್ಮಗಳಲ್ಲೊಂದು ಮೀನಿನದು. ಆ ಮೀನು ತನ್ನ ಮಗನ ಮನೆಯ ಅಡುಗೆಮನೆಗೇ ಬಂದು, ಸತ್ತ ತಂದೆಯ ತೃಪ್ತಿಗೆಂದು ಬೇಯುತ್ತದೆ. ತಂದೆಗೆ ಎಡೆಯಿಡಲು ತಂದೆಯನ್ನೇ ಬೇಯಿಸುವ ಆ ದೃಶ್ಯದ ಮುಂದೆ ಮನು ಒಪ್ಪಿದ ರೋಹಿತದ ಎಡೆ ನಿಲ್ಲುವುದು ಕಷ್ಟ.

ಜೈನ ವಿಚಾರ ಇಲ್ಲಿಗೇ ನಿಲ್ಲುವುದಿಲ್ಲ. ಅದು ಜೀವಿಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ಶ್ರೇಣಿ ಮಾಡುತ್ತದೆ: ಗಿಡಮರಗಳಿಗೆ ಸ್ಪರ್ಶವೊಂದೇ, ಮೀನಿಗೆ ಐದೂ. ಹೆಚ್ಚು ಇಂದ್ರಿಯಗಳ ಜೀವಕ್ಕೆ ನೋವು ಹೆಚ್ಚು, ಆದ್ದರಿಂದ ಹಿಂಸೆಯೂ ಘೋರ. 2003ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ರೇನ್‌ಬೋ ಟ್ರೌಟ್ ಮೀನಿನ ತಲೆಯಲ್ಲಿ ನೋವಿನ ಪ್ರಚೋದನೆಗೆ ಸ್ಪಂದಿಸುವ ನರತುದಿಗಳನ್ನು ಗುರುತಿಸಿದಾಗ, ಮೀನಿಗೆ ನೋವಿಲ್ಲ ಎಂಬ ಹಳೆಯ ಸಮಾಧಾನ ಅಲುಗಿತು. ಅದರ ಅನುಭವ ಎಂಥದ್ದು ಎಂಬ ಚರ್ಚೆ ನಡೆದೇ ಇದೆ. ಆದರೆ ಜೈನರ ಶ್ರೇಣಿಯಲ್ಲಿ ಸಸ್ಯವೂ ಜೀವವೇ. ನೆಲದೊಳಗಿನ ಗಡ್ಡೆ ಅನಂತ ಜೀವಗಳ ಒಡಲು, ಅದಕ್ಕೇ ಆಲೂಗಡ್ಡೆ ವರ್ಜ್ಯ. ಬಹುಬೀಜವೆಂದು ಬದನೆಕಾಯಿಯನ್ನೂ ಅನೇಕರು ಬಿಡುತ್ತಾರೆ. ಈ ಕಣ್ಣಿನಿಂದ ನೋಡಿದರೆ ಮಡಕೆಯೊಳಗಿನ ಗೆರೆ ಮೀನು ಮತ್ತು ತರಕಾರಿಯ ನಡುವೆ ಮಾತ್ರ ಎಳೆದದ್ದಲ್ಲ. ತುಂಡಿನಿಂದ ತುಂಡಿಗೆ ಭಾರ ಏರುತ್ತ ಇಳಿಯುತ್ತ ಹೋಗುತ್ತದೆ.

ಇದನ್ನು ಯೆರವಡಾದ ಒಂದು ಸಣ್ಣ ಘಟನೆಯಷ್ಟು ಚೆನ್ನಾಗಿ ಯಾವ ಶಾಸ್ತ್ರವೂ ತೋರಿಸಿಲ್ಲ. 1930ರಲ್ಲಿ ಗಾಂಧೀಜಿಯ ಜೊತೆಗೆ ಸೆರೆಯಲ್ಲಿದ್ದವರು ಕಾಕಾ ಕಾಲೇಲ್ಕರ್. ಕಾರವಾರ, ಧಾರವಾಡ, ಬೆಳಗಾವಿಗಳಲ್ಲಿ ಬಾಲ್ಯ ಕಳೆದವರು, ಮುಂದೆ ಬೆಳಗಾವಿಯಲ್ಲೇ ಶಾಲೆಯೊಂದನ್ನು ನಡೆಸಿದವರು. ಒಂದು ದಿನ ನಾಲ್ಕೈದು ಬೇವಿನೆಲೆ ಬೇಕಾದಾಗ ಕಾಲೇಲ್ಕರ್ ಇಡೀ ರೆಂಬೆಯನ್ನೇ ಮುರಿದು ತಂದರು. ಗಾಂಧೀಜಿ ಅದನ್ನು ಹಿಂಸೆ ಎಂದರು. ಬೇಕಾದಷ್ಟೇ ಎಲೆಯನ್ನು, ಮರದ ಕ್ಷಮೆ ಕೇಳಿ ಕೀಳಬೇಕಿತ್ತು ಎಂದರು. ಇದನ್ನು ದಾಖಲಿಸಿದವರು ಸ್ವತಃ ಕಾಲೇಲ್ಕರ್. ಎಲೆ ಕೀಳಬಾರದೆಂದು ಗಾಂಧೀಜಿ ಹೇಳಲಿಲ್ಲ. ಬೇಡದ್ದನ್ನು ಕಿತ್ತದ್ದೇ ಅವರಿಗೆ ನೋವಾದದ್ದು. ರೆಂಬೆಯಲ್ಲಿದ್ದ ಐದು ಎಲೆಗಳಿಗೆ ಒಂದು ಕಾರಣವಿತ್ತು, ಉಳಿದ ನೂರಕ್ಕೆ ಏನೂ ಇರಲಿಲ್ಲ. ಸಸ್ಯಾಹಾರವೊಂದೇ ಅಹಿಂಸೆಯೆಂದು ತಿಳಿದವರಿಗೆ ಈ ಘಟನೆ ಕೊಡುವಷ್ಟು ಕಸಿವಿಸಿಯನ್ನು ಮೀನೂ ಕೊಡಲಾರದು. ಅಗತ್ಯಕ್ಕಿಂತ ಹೆಚ್ಚು ಕೊಂಡು, ಮೂರು ದಿನ ಫ್ರಿಜ್ಜಿನಲ್ಲಿಟ್ಟು, ಕೊಳೆಸಿ ಎಸೆದ ಸೊಪ್ಪಿನ ಕಂತೆಯೂ ಆ ರೆಂಬೆಯೇ. ಹಾಗೆಂದು ಮೀನಿನ ಸಾವು ಇದರಿಂದ ಹಗುರವಾಗುವುದಿಲ್ಲ. ಎಲೆಗೇ ಕ್ಷಮೆ ಕೇಳಬೇಕಾದರೆ ಮೀನಿಗೆ ಕೇಳಬೇಕಾದದ್ದು ಎಷ್ಟೋ ಹೆಚ್ಚು.

ಎರಡನೆಯದು ರುಚಿಯ ಪ್ರಶ್ನೆ. ಅಸ್ವಾದದ ಪತ್ರದ ಸಾರ ಇಷ್ಟು: ಅನ್ನವನ್ನು ಔಷಧದಂತೆ, ರುಚಿ ಇದೆಯೇ ಇಲ್ಲವೇ ಎಂದು ನೋಡದೆ, ದೇಹಕ್ಕೆ ಬೇಕಾದಷ್ಟೇ ಸೇವಿಸಬೇಕು. ರುಚಿ ಹೆಚ್ಚಲೆಂದು ಉಪ್ಪು ಹಾಕಿಕೊಂಡರೂ ವ್ರತಭಂಗ. ಆರೋಗ್ಯಕ್ಕೆ ಇಷ್ಟು ಬೇಕೆಂದು ತಿಳಿದು ಹಾಕಿದರೆ ಅಡ್ಡಿಯಿಲ್ಲ. ಉಪ್ಪಿನ ಕಾನೂನು ಮುರಿದು ಸೆರೆಗೆ ಬಂದವರು ಮೂರು ತಿಂಗಳು ಕಳೆದ ಮೇಲೆ ಉಪ್ಪಿನ ಬಗ್ಗೆ ಬರೆದ ಮಾತಿದು. ಎರಡಕ್ಕೂ ವಿರೋಧವಿಲ್ಲ. ಬಡವನ ಅಂಬಲಿಯ ಉಪ್ಪಿನ ಮೇಲೆ ಸರ್ಕಾರ ತೆರಿಗೆ ಹಾಕುವುದು ಒಬ್ಬರ ಅಗತ್ಯಕ್ಕೆ ಇನ್ನೊಬ್ಬರು ಕೈಯಿಡುವುದು. ವ್ರತ ತನ್ನ ಆಸೆಗೆ ತಾನೇ ಕೈಯಿಡುವುದು. ಮೊದಲನೆಯದನ್ನು ಮುರಿಯುವ ಬಲ ಎರಡನೆಯದರಿಂದ ಬರುತ್ತದೆ ಎಂಬುದೇ ಆ ವ್ರತಗಳ ಪತ್ರಮಾಲೆಯ ಒಳಗಿನ ನಂಬಿಕೆ.

ಆದರೂ ಈ ವ್ರತಕ್ಕೆ ಭಾರತೀಯ ಚಿಂತನೆಯಲ್ಲೇ ಎದುರುಮಾತಿದೆ. ತೈತ್ತಿರೀಯ ಉಪನಿಷತ್ತು ಅನ್ನವನ್ನು ಬ್ರಹ್ಮವೆಂದು ತಿಳಿಯುವಲ್ಲಿಂದ ಹೊರಡುತ್ತದೆ, ಪರತತ್ತ್ವವನ್ನೇ ರಸವೆಂದು ಕರೆಯುತ್ತದೆ. ಗೀತೆಯ ಎರಡನೆಯ ಅಧ್ಯಾಯ, ಉಣ್ಣದೆ ಕುಳಿತವನಿಂದ ವಿಷಯಗಳು ದೂರ ಸರಿದರೂ ಅವುಗಳ ರಸ ಒಳಗೆ ಉಳಿಯುತ್ತದೆಂದು ಎಚ್ಚರಿಸುತ್ತದೆ. ಪರವಾದದ್ದನ್ನು ಕಂಡಾಗಲೇ ಅದು ಹೋಗುವುದು. ಅಂದರೆ ಸಪ್ಪೆ ತಿಂದ ಮಾತ್ರಕ್ಕೆ ನಾಲಗೆ ಸೋಲುವುದಿಲ್ಲ. ಏಕಾದಶಿಯ ಹಗಲೆಲ್ಲ ದ್ವಾದಶಿಯ ಊಟವನ್ನೇ ನೆನೆಯುವವರ ಅನುಭವ ಇದಕ್ಕೆ ಸಾಕ್ಷಿ.

ಇಲ್ಲಿ ಅಡುಗೆ ಮಾಡುವವರ ಕಡೆಯಿಂದ ಒಂದು ಮಾತು ಬರಬೇಕು. ಪತ್ರ ಬರೆದದ್ದು ಉಣ್ಣುವವರನ್ನು ನೋಡಿ. ಆಶ್ರಮದ ಸಾಮೂಹಿಕ ಅಡುಗೆಮನೆ ಅಸ್ವಾದಕ್ಕೆ ದೊಡ್ಡ ನೆರವು, ಏಕೆಂದರೆ ಏನು ಅಡುಗೆ ಎಂಬ ದಿನದ ಚಿಂತೆ ತಪ್ಪುತ್ತದೆ, ಬಡಿಸಿದ್ದನ್ನು ತೃಪ್ತಿಯಿಂದ ಉಣ್ಣಬಹುದು ಎಂದು ಅದು ಹೇಳುತ್ತದೆ. ನಿಜ; ಆದರೆ ಆ ಚಿಂತೆ ಮಾಯವಾಗಿಲ್ಲ, ಒಲೆಯ ಮುಂದೆ ಕುಳಿತ ಒಬ್ಬರ ಹೆಗಲಿಗೆ ಹೋಗಿದೆ. ಮನೆಗಳಲ್ಲಿ ಆ ಹೆಗಲು ಬಹುಪಾಲು ಹೆಣ್ಣಿನದು. ಹುಳಿಯನ್ನು ತರಕಾರಿ ಬೇಯುವವರೆಗೆ ತಡೆದಿಡುವುದು, ಮೀನನ್ನು ಸೌಟು ಸೋಕ­ದಂತೆ ಓಲಾಡಿಸುವುದು, ಅಂಗೈಯ ಹನಿಯನ್ನು ನೆಕ್ಕಿ ಇನ್ನೊಂದು ಚಿಟಿಕೆ ಉಪ್ಪು ಬೇಕೆಂದು ತಿಳಿಯುವುದು, ಇದೆಲ್ಲ ರುಚಿಯ ಮೇಲೆ ಇಟ್ಟ ಗಮನವೇ. ಆದರೆ ಆ ನಾಲಗೆ ತನ್ನ ಸುಖಕ್ಕೆ ದುಡಿಯುತ್ತಿಲ್ಲ. ಇನ್ನೂ ಪಂಕ್ತಿಗೆ ಬಾರದ ನಾಲ್ಕು ಬಾಯಿಗಳ ಪರವಾಗಿ ಕೆಲಸ ಮಾಡುತ್ತಿದೆ. ಬಡಿಸಿದ್ದನ್ನು ಮರುಮಾತಿಲ್ಲದೆ ಉಣ್ಣುವವನ ಅಸ್ವಾದ ನಿಂತಿರುವುದು, ಬೇಯಿಸಿದವಳ ಆಸ್ಥೆಯ ಮೇಲೆ. ವ್ರತದ ಪುಣ್ಯವನ್ನು ಎಣಿಸುವಾಗ ಈ ದುಡಿಮೆಯನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ. ದೇವರ ನೈವೇದ್ಯದ ಅಡುಗೆಯಲ್ಲಿ ಮೊದಲೇ ರುಚಿ ನೋಡುವಂತಿಲ್ಲ. ಅಲ್ಲಿ ಕೈಯ ಅಂದಾಜೇ ನಾಲಗೆಯ ಕೆಲಸ ಮಾಡುತ್ತದೆ. ವರ್ಷಗಟ್ಟಲೆ ಗಮನ ಕೊಟ್ಟ ಕೈಗೆ ಮಾತ್ರ ಆ ಅಂದಾಜು ಬರುವುದು.

ರುಚಿಯ ಸಂಯಮ ಮತ್ತು ಜೀವದಯೆ ಬೇರೆ ಬೇರೆ ಎಂಬುದನ್ನು ಚಾತುರ್ಮಾಸ್ಯ ತೋರಿಸುತ್ತದೆ. ಉಡುಪಿಯ ಮಾಧ್ವ ಪರಂಪರೆಯಲ್ಲಿ ಆಷಾಢದ ಏಕಾದಶಿಯಿಂದ ಮೊದಲ ತಿಂಗಳು ಶಾಕವ್ರತ, ತರಕಾರಿಯೇ ವರ್ಜ್ಯ. ಮುಂದೆ ಮೊಸರು, ಹಾಲು, ದ್ವಿದಳ ಧಾನ್ಯ ಒಂದೊಂದು ತಿಂಗಳು. ಹಿಂಸೆಯೊಂದನ್ನೇ ನೋಡಿ ಮಾಡಿದ ನಿಯಮವಾಗಿದ್ದರೆ ಬದನೆಕಾಯಿ ಬಿಟ್ಟು ಹಾಲು ಕುಡಿಯುವ ತಿಂಗಳಿಗೆ ಅರ್ಥ ಹುಡುಕುವುದು ಕಷ್ಟ. ರೂಢಿಯಾಗಿಹೋದದ್ದನ್ನು ಸ್ವಲ್ಪ ಕಾಲ ಕೈಬಿಡುವ ಅಭ್ಯಾಸ ಅದು. ಮೀನು ತಿನ್ನುವ ಮನೆಗಳೂ ಶ್ರಾವಣದಲ್ಲಿ ಮೀನಿನ ಪಾತ್ರೆಯನ್ನು ಅಟ್ಟಕ್ಕೆ ಏರಿಸುತ್ತವೆ. ಅದಕ್ಕೆ ಸ್ವಲ್ಪ ಮುಂಚೆ, ಜೂನ್ 1ರಿಂದ ಜುಲೈ 31ರವರೆಗೆ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಸರ್ಕಾರದ ನಿಷೇಧವಿರುತ್ತದೆ. ಮೀನು ಮೊಟ್ಟೆಯಿಡುವ ಕಾಲ. ನದಿಯ ರೋಹು, ಕಾಟ್ಲಾ ಮರಿ ಮಾಡುವುದೂ ಮಳೆಗಾಲದ ಹೊಸ ನೀರಿನಲ್ಲೇ. ವ್ರತ ನಾಲಗೆಯನ್ನು ಕಾಯುತ್ತದೆ, ನಿಷೇಧ ಮೀನಿನ ಸಂತತಿಯನ್ನು ಕಾಯುತ್ತದೆ. ಎರಡೂ ಮಳೆಗಾಲದಲ್ಲೇ ಬರುವುದರಿಂದ ಒಂದರ ನೆರಳು ಇನ್ನೊಂದರ ಮೇಲೆ ಬೀಳುತ್ತದೆ.

ಮೂರನೆಯ ಪ್ರಶ್ನೆ ಶುದ್ಧಿಯದು, ಮತ್ತು ಇದೇ ಹೆಚ್ಚು ಅಪಾಯದ್ದು. ಆಹಾರ ಶುದ್ಧವಾದರೆ ಮನಸ್ಸು ಶುದ್ಧವಾಗುತ್ತದೆಂಬ ಛಾಂದೋಗ್ಯದ ಮಾತಿಗೆ ಎರಡು ವ್ಯಾಖ್ಯಾನಗಳಿವೆ. ಶಂಕರರಿಗೆ ಆಹಾರವೆಂದರೆ ಇಂದ್ರಿಯಗಳು ಒಳಗೆ ತಂದುಕೊಳ್ಳುವ ಎಲ್ಲ ಅನುಭವ. ರಾಗದ್ವೇಷವಿಲ್ಲದೆ ತಂದುಕೊಂಡರೆ ಅದು ಶುದ್ಧ. ರಾಮಾನುಜರಿಗೆ ಅದು ತಟ್ಟೆಯ ಅನ್ನವೇ. ಅದಕ್ಕೆ ಜಾತಿದೋಷ, ಆಶ್ರಯದೋಷ, ನಿಮಿತ್ತದೋಷ ಎಂದು ಮೂರು ಕೊರತೆಗಳು. ಪದಾರ್ಥದ ಸ್ವಭಾವದಿಂದ ಬಂದದ್ದು ಮೊದಲನೆಯದು, ಅದು ಬಂದ ಮೂಲದಿಂದ ಅಂಟಿದ್ದು ಎರಡನೆಯದು, ಕೂದಲು ಧೂಳು ಬಿದ್ದು ಆದದ್ದು ಮೂರನೆಯದು. ಮನೆಯ ಅಡುಗೆಗೆ ಮೊದಲ ಮತ್ತು ಮೂರನೆಯ ಮಾತು ನಿರುಪದ್ರವಿ. ಎರಡನೆಯದನ್ನು ಸಮಾಜ ಯಾರು ಮುಟ್ಟಿದರು, ಯಾರು ಬೇಯಿಸಿದರು ಎಂಬುದಕ್ಕೆ ಇಳಿಸಿ, ಊರ ಹೊರಗೆ ಕೇರಿಗಳನ್ನು ಕಟ್ಟಿತು. ತಿನ್ನುವ ಮಾಂಸದ ಭೇದವೇ ಅಸ್ಪೃಶ್ಯತೆಯ ಬೇರೆಂದು ಅಂಬೇಡ್ಕರ್ 1948ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಹದಿನಾರು ವರ್ಷ ಮೊದಲು, 1932ರ ಸೆಪ್ಟೆಂಬರ್ 20ರಂದು, ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಕೊಡುವುದರ ವಿರುದ್ಧ ಗಾಂಧೀಜಿ ಉಪವಾಸ ಹಿಡಿದದ್ದು ಇದೇ ಯೆರವಡಾ ಸೆರೆಮನೆಯಲ್ಲಿ. 24ರಂದು ಪುಣೆ ಒಪ್ಪಂದವಾಯಿತು. 26ರಂದು, ರವೀಂದ್ರನಾಥ ಟಾಗೋರರು ಎದುರಿಗಿರುವಾಗ, ಉಪವಾಸ ಮುಗಿಯಿತು. ಆ ಒಪ್ಪಂದವನ್ನು ಅಂಬೇಡ್ಕರ್ ಮುಂದೆ ಕಟುವಾಗಿ ಟೀಕಿಸಿದರು, ಮತ್ತು ಅವರ ಟೀಕೆಗೆ ತೂಕವಿದೆ. ಅಡುಗೆಯ ಮಡಿಯ ಬಗ್ಗೆ ಮಾತಾಡುವ ಯಾರೂ ಈ ಚರಿತ್ರೆಯನ್ನು ಬದಿಗಿಟ್ಟು ಮಾತಾಡಲಾಗದು. ಮೀನಿನ ವಾಸನೆಯ ನೆಪದಲ್ಲಿ ಬಾಡಿಗೆ ಮನೆ ನಿರಾಕರಿಸುವುದು ಇಂದಿನ ಊರುಗಳಲ್ಲೂ ನಡೆಯುತ್ತಿದೆ.

ಆಶ್ರಯದೋಷಕ್ಕೆ ಇಂದು ಅರ್ಥ ಹುಡುಕುವುದಾದರೆ ಅದು ನೀರಿನಲ್ಲಿದೆ. ಪುಣೆಯ ಚರಂಡಿ ನೀರು ಮುಳಾ-ಮುಠೆಯಲ್ಲಿ ಹರಿದು ಉಜನಿಯನ್ನು ಸೇರುತ್ತದೆ. ಜಲಾಶಯ ಕೆಟ್ಟಿರುವುದಕ್ಕೆ ಅದೇ ದೊಡ್ಡ ಕಾರಣ. ಊರು ಹೊಳೆಗೆ ಬಿಟ್ಟದ್ದು ಮೀನಿನ ಮೈಯಲ್ಲಿ ಊರಿಗೇ ಮರಳಿ ಬರಬಹುದು. ಮೀನು ಬಿಟ್ಟವರೂ ಈ ದೋಷದಿಂದ ಹೊರಗಿಲ್ಲ, ಏಕೆಂದರೆ ಬದನೆ, ನುಗ್ಗೆ ಬೆಳೆಯುವ ತೋಟಗಳಿಗೂ ಹೊಳೆಯದೇ ನೀರು. ಮೀನು ಹಿಡಿದವನಾಗಲಿ ಮಾರಿದವಳಾಗಲಿ ಈ ಅಶುದ್ಧಿಗೆ ಕಾರಣರಲ್ಲ. ಅದರ ಮೊದಲ ಪೆಟ್ಟು ಬೀಳುವುದೇ ಅವರ ಬದುಕಿನ ಮೇಲೆ.

ಅಜ್ಜಿಯ ಬಟ್ಟಲನ್ನು ಈ ಮಡಿಯ ಲೆಕ್ಕಕ್ಕೆ ಸೇರಿಸುವುದು ತಪ್ಪಾಗುತ್ತದೆ. ಅಡುಗೆ ಮಾಡಿದವಳ ಕೈಯನ್ನು ಅಜ್ಜಿ ಅಶುದ್ಧವೆನ್ನುವುದಿಲ್ಲ. ಅದೇ ಒಲೆಯ, ಅದೇ ಕೈಯ ಅಡುಗೆಯನ್ನು ಅದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾಳೆ. ಅವಳು ಬಿಟ್ಟಿರುವುದು ಮೀನನ್ನು, ಮೀನು ತಿನ್ನುವ ಮೊಮ್ಮಕ್ಕಳನ್ನಲ್ಲ. ಅವರೂ ಅವಳ ವ್ರತವನ್ನು ತಮ್ಮ ಮೇಲಿನ ಆಕ್ಷೇಪವೆಂದು ತಿಳಿಯುವುದಿಲ್ಲ.

ಉಳಿದದ್ದು ಗೃಹಸ್ಥನ ಪ್ರಾಯಶ್ಚಿತ್ತ. ಧರ್ಮಶಾಸ್ತ್ರ ಮನೆಯ ಐದು ಜಾಗಗಳನ್ನು ‘ಸೂನಾ’, ಅಂದರೆ ವಧಾಸ್ಥಾನವೆಂದೇ ಕರೆದಿದೆ: ಒಲೆ, ಅರೆಯುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ. ಮೀನು ತಿನ್ನದ ಮನೆಗೂ ಈ ಐದು ತಪ್ಪಿದ್ದಲ್ಲ. ಉರಿಯಲ್ಲಿ, ನೀರಿನಲ್ಲಿ, ಗುಡಿಸುವ ಕಸದಲ್ಲಿ ಕಾಣದ ಜೀವಗಳು ದಿನವೂ ಸಾಯುತ್ತವೆ. ಅದಕ್ಕೆ ಪರಿಹಾರವಾಗಿ ದಿನವೂ ಐದು ಯಜ್ಞಗಳು. ಓದು, ಪಿತೃತರ್ಪಣ, ದೇವರಿಗೆ ಹೋಮ, ಅತಿಥಿಗೆ ಊಟ, ಮತ್ತು ಭೂತಯಜ್ಞ, ಅಂದರೆ ಹಕ್ಕಿ, ನಾಯಿ, ಇರುವೆಗಳಿಗೆ ಬಲಿಯನ್ನ. ಬಾಡಿಗೆಯ ಎರಡು ಕೋಣೆಯ ಮನೆಯಲ್ಲಿ ಹೋಮಕುಂಡವಿರುವುದಿಲ್ಲ. ಭೂತಯಜ್ಞ ಹೆಸರಿಲ್ಲದೆಯೇ ಉಳಿದುಕೊಂಡಿದೆ. ಬಡಿಸುವ ಮುನ್ನ ಒಂದು ಹಿಡಿ ಅನ್ನ ಕಾಗೆಗೆಂದು ಕಿಟಕಿಯ ಕಟ್ಟೆಗೆ ಹೋಗುತ್ತದೆ. ಮೀನಿನ ತಲೆಯನ್ನು ಎಸೆಯದೆ ಅದೇ ರಸದಲ್ಲಿ ಬೇಯಿಸಿರುತ್ತಾರೆ. ಊಟವಾದ ಮೇಲೆ ತಟ್ಟೆಯಂಚಿನ ಮುಳ್ಳು, ಚರ್ಮ ಕಾಗದದಲ್ಲಿ ಸುತ್ತಿ ಮೆಟ್ಟಿಲ ಕೆಳಗೆ ಕಾಯುವ ಬೆಕ್ಕಿಗೆ. ಮಡಕೆಯ ತಳದಲ್ಲಿ ಉಳಿದ ರಸವನ್ನು ರಾತ್ರಿ ಒಮ್ಮೆ ಕುದಿಸಿಟ್ಟರೆ, ಹುಳಿ ಮತ್ತು ಖಾರ ಮೀನಿಗೆ ಹಿಡಿದು, ಬೆಳಗಿನ ರೊಟ್ಟಿಗೆ ಅದು ಇನ್ನಷ್ಟು ಹದವಾಗಿರುತ್ತದೆ.